ತಾಯಂದಿರ ಮೈಗಟ್ಟಿತನವೂ ಒಂದು ಉದ್ಯೋಗ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ನಮ್ಮ ಸಂಘದಲ್ಲಿ ಬೀಜ, ಗೊಬ್ಬರ, ಬೆಳೆಸಾಲದ ಮಾತು ನಡೆದಿದೆ. ಇವತ್ತು ನಾನು ಬೇರೆ ಒಂದು ಮಾತು ಹೇಳಬೇಕೆಂದು ಬಂದಿದ್ದೇನೆ. ತಾಯಂದಿರಿಗೆ ವ್ಯಾಯಾಮ ಕಲಿಸುವ ಉದ್ಯೋಗವನ್ನು ನಮ್ಮೂರ ಹೆಣ್ಣುಮಕ್ಕಳೇ ನಡೆಸಬಹುದು, ಅದಕ್ಕೆ ಸಂಘ ಕೈಹಿಡಿಯಬೇಕು ಎಂಬುದೇ ಆ ಮಾತು. ಗಂಡಸು ಈ ವಿಷಯ ಯಾಕ ಎತ್ತತಾನ ಅಂತ ನಗಬ್ಯಾಡ್ರಿ. ದುಡಿಯುವ ಮೈ ಯಾರದಾದರೂ ಅದು ಒಕ್ಕಲುತನದ ವಿಷಯವೇ.

ಎಮ್ಮೆ ಈದರೆ ನಾವು ಏನು ಮಾಡುತ್ತೇವೆ? ಹಿಂಡಿ ಹೆಚ್ಚು ಹಾಕುತ್ತೇವೆ, ನುಚ್ಚು ಕುದಿಸಿ ಕೊಡುತ್ತೇವೆ, ಡಾಕ್ಟರರನ್ನು ಕರೆಸುತ್ತೇವೆ. ಹಡೆದ ಮಗಳಿಗೂ ತವರುಮನೆಯಲ್ಲಿ ಅಂಟಿನುಂಡಿ, ಎಣ್ಣೆನೀರು, ಬಿಸಿನೀರು ಉಂಟು. ಆದರೆ ಆಕೆ ಗಂಡನ ಮನೆಗೆ ಬಂದ ಮರುದಿನ ಕೊಡ ಎತ್ತಬೇಕು, ಕಳೆ ತೆಗೆಯಲು ಬಗ್ಗಬೇಕು, ಮೇವಿನ ಹೊರೆ ಹೊರಬೇಕು. ಬಸುರಿನಲ್ಲಿ ಸಡಿಲಾದ ಹೊಟ್ಟೆ, ಸೊಂಟದ ಸ್ನಾಯುಗಳು ಮತ್ತೆ ಗಟ್ಟಿಯಾದವೇ ಎಂದು ಯಾರೂ ಕೇಳುವುದಿಲ್ಲ.

"ನಮ್ಮ ಹೆಣ್ಣಮಕ್ಕಳು ದಿನಾ ದುಡಿತಾರ, ಅವರಿಗೆ ಮತ್ತ ವ್ಯಾಯಾಮ ಯಾಕ?" ಎಂದು ಕೆಲವರು ಕೇಳುತ್ತಾರೆ. ದುಡಿತ ಬೇರೆ, ವ್ಯಾಯಾಮ ಬೇರೆ. ದಿನವಿಡೀ ಬಗ್ಗಿ ಕಳೆ ತೆಗೆದರೆ ಒಂದೇ ಕಡೆ ಭಾರ ಬಿದ್ದು ಬೆನ್ನು ದಣಿಯುತ್ತದೆ. ವ್ಯಾಯಾಮದಲ್ಲಿ ಬಗ್ಗಿದ ಬೆನ್ನನ್ನು ಹಿಂದಕ್ಕೆ ಚಾಚುತ್ತೇವೆ, ದಣಿದದ್ದನ್ನು ಸಡಿಲಿಸಿ, ಸಡಿಲಾದದ್ದನ್ನು ಬಿಗಿ ಮಾಡುತ್ತೇವೆ. ಕೆಮ್ಮಿದಾಗ, ಹೊರೆ ಎತ್ತಿದಾಗ ಮೂತ್ರ ಹನಿಯುವ ತ್ರಾಸು ಹಡೆದ ಎಷ್ಟೋ ತಾಯಂದಿರಿಗೆ ಇರುತ್ತದೆ. ನಾಚಿಕೆಯಿಂದ ಗಂಡನಿಗೂ ಹೇಳುವುದಿಲ್ಲ. ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಇದು ಕಡಿಮೆಯಾಗುತ್ತದೆಂದು ಅಮೆರಿಕದ ಡಾಕ್ಟರ್ ಅರ್ನಾಲ್ಡ್ ಕೆಗೆಲ್ 1948ರಲ್ಲಿಯೇ ಬರೆದರು. ಇದಕ್ಕೆ ಒಂದು ಪೈಸೆಯ ಖರ್ಚಿಲ್ಲ. ಆದರೆ ಹೇಳಿಕೊಡುವ ಒಬ್ಬ ಹೆಣ್ಣುಮಗಳು ಬೇಕು. ಅಲ್ಲಿಯೇ ಉದ್ಯೋಗ ಹುಟ್ಟುತ್ತದೆ.

ಇಂಥ ಉದ್ಯೋಗ ಬೆಳೆಯುತ್ತದೆಯೇ? ನಮ್ಮ ಭಾಗದ್ದೇ ಒಂದು ಉದಾಹರಣೆ ಕೇಳಿರಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು 1936ರಲ್ಲಿ ತಮ್ಮ ಗುರು ಕೃಷ್ಣಮಾಚಾರ್ಯರ ಸಂಗಡ ಧಾರವಾಡ, ಹುಬ್ಬಳ್ಳಿ, ಬೆಳಗಾವಿ ಕಡೆ ಬಂದರು. ಧಾರವಾಡದಲ್ಲಿ ಕೆಲವು ಮಹಿಳೆಯರು ನಮಗೂ ಯೋಗ ಕಲಿಸಿರಿ ಎಂದರು. ಶಿಷ್ಯರಲ್ಲಿ ಎಲ್ಲರಿಗಿಂತ ಚಿಕ್ಕವನೆಂದು ಆ ಕೆಲಸ ಈ ಹುಡುಗನ ಪಾಲಿಗೆ ಬಂತು. ಜಗತ್ತಿಗೇ ಯೋಗ ಕಲಿಸಿದ ಮನುಷ್ಯನ ಮೊದಲ ವರ್ಗ ನಮ್ಮ ಧಾರವಾಡದ ಹೆಣ್ಣುಮಕ್ಕಳದು! ಬೆಳಗಾವಿಯ ಸಿವಿಲ್ ಸರ್ಜನ್ ಆಗಿದ್ದ ಡಾ. ಗೋಖಲೆಯವರು ಇವರನ್ನು ಗುರುತಿಸಿ, ಮುಂದೆ 1937ರಲ್ಲಿ ಆರು ತಿಂಗಳ ಮಟ್ಟಿಗೆ ಪುಣೆಗೆ ಕರೆಸಿಕೊಂಡರು. ಅಲ್ಲಿಯೇ ನೆಲೆ ನಿಂತ ಅಯ್ಯಂಗಾರರು 1975ರಲ್ಲಿ ಪತ್ನಿ ರಮಾಮಣಿಯವರ ಹೆಸರಿನಲ್ಲಿ ಯೋಗ ಸಂಸ್ಥೆ ತೆರೆದರು. ಮಗಳು ಗೀತಾ ಅಯ್ಯಂಗಾರರು ಹೆಣ್ಣುಮಕ್ಕಳಿಗಾಗಿಯೇ ಯೋಗದ ಪುಸ್ತಕ ಬರೆದರು.

ಇದರಿಂದ ನಾವು ಕಲಿಯಬೇಕಾದದ್ದು ಎರಡು. ಮೊದಲನೆಯದು, ಅವರು ದೊಡ್ಡ ಯಂತ್ರ ಕೊಂಡು ಶುರು ಮಾಡಲಿಲ್ಲ. ಕುರ್ಚಿ, ಕಂಬಳಿ, ಹಗ್ಗ, ಇಟ್ಟಿಗೆಯಾಕಾರದ ಕಟ್ಟಿಗೆ ತುಂಡು, ಇವನ್ನೇ ಸಾಧನ ಮಾಡಿಕೊಂಡರು. ಎರಡನೆಯದು, ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕದೆ ಆಯಾ ಮೈಗೆ ತಕ್ಕಂತೆ ಕಲಿಸಿದರು. ಬಾಣಂತಿಗೆ ಬೇರೆ, ಮೂರು ಮಕ್ಕಳ ತಾಯಿಗೆ ಬೇರೆ, ಮೊಣಕಾಲು ನೋಯುವ ಅತ್ತೆಗೆ ಬೇರೆ. ಪಟ್ಟಣದಲ್ಲಿ ಜಿಮ್ ಹಾಕಲು ಲಕ್ಷಗಟ್ಟಲೆ ರೊಕ್ಕ ಬೇಕು. ನಮ್ಮಲ್ಲಿ ಬೇಕಾದದ್ದು ಜಮಖಾನೆ, ಗೋಡೆ ಮತ್ತು ವಿಶ್ವಾಸ.

ಈಗ ಲೆಕ್ಕಕ್ಕೆ ಬರೋಣ. ಸ್ತ್ರೀಶಕ್ತಿ ಸಂಘಗಳು 2000-01ರಿಂದ ನಮ್ಮ ರಾಜ್ಯದಲ್ಲಿ ನಡೆದಿವೆ. ಒಂದು ಗುಂಪು ಇಬ್ಬರು ಹೆಣ್ಣುಮಕ್ಕಳನ್ನು ತರಬೇತಿಗೆ ಕಳಿಸಲಿ. ಇಪ್ಪತ್ತು ತಾಯಂದಿರು ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ಎರಡು ಸಾವಿರ. ಎರಡು ವರ್ಗ ನಡೆದರೆ ನಾಲ್ಕು ಸಾವಿರ. ಬಹಳವಲ್ಲ, ಆದರೆ ಮನೆ ಬಿಟ್ಟು ದೂರ ಹೋಗದೆ ಬರುವ ರೊಕ್ಕ. ಒಮ್ಮೆಲೇ ನೂರು ಕೊಡುವುದು ಕಠಿಣವಾದರೆ ಪಿಗ್ಮಿ ಇದೆಯಲ್ಲ! ಉಡುಪಿಯಲ್ಲಿ 1928ರಲ್ಲಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಹೋಗಿ ಕೂಡಿಸಿದ ಪಿಗ್ಮಿಯಿಂದ ಒಂದು ಬ್ಯಾಂಕು ಬೆಳೆಯಿತು. ದಿನಕ್ಕೆ ನಾಲ್ಕು ರೂಪಾಯಿ ತೆಗೆದಿಡುವುದು ನಮ್ಮ ತಾಯಂದಿರಿಗೆ ಗೊತ್ತಿದೆ.

ಉದ್ಯೋಗ ಉಳಿಯಬೇಕಾದರೆ ಕೆಲವು ಕಟ್ಟಳೆ ಬೇಕು. ವೇಳೆ ತಾಯಂದಿರಿಗೆ ಅನುಕೂಲವಾಗಿರಬೇಕು, ಅಂದರೆ ಮಕ್ಕಳು ಶಾಲೆಗೆ ಹೋದ ಮೇಲೆ ಇಲ್ಲವೆ ಸಂಜೆ. ಕೂಸುಗಳನ್ನು ಆಡಿಸಲು ಒಬ್ಬ ಅಜ್ಜಿ ಅಲ್ಲಿಯೇ ಕೂಡ್ರಬೇಕು. ಸುಗ್ಗಿಯಲ್ಲಿ, ಕಬ್ಬಿನ ಹಂಗಾಮಿನಲ್ಲಿ ಜನ ತಪ್ಪುತ್ತಾರೆ, ಆಗ ವೇಳೆ ಬದಲಿಸಬೇಕೇ ಹೊರತು ಬಾಗಿಲು ಹಾಕಬಾರದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ ಕನಿಷ್ಠ 150 ನಿಮಿಷ. ದಿನಕ್ಕೆ ಅರ್ಧ ತಾಸು, ವಾರದಲ್ಲಿ ಐದು ದಿನ. ಹಡೆದವರು, ಅದರಲ್ಲೂ ಆಪರೇಷನ್ ಆದವರು, ಡಾಕ್ಟರರನ್ನು ಕೇಳಿಯೇ ಬರಬೇಕು. ಮೊದಲು ನಿಧಾನ ನಡಿಗೆ, ಉಸಿರಾಟ, ಆಮೇಲೆ ಉಳಿದದ್ದು. ರಕ್ತಸ್ರಾವ, ತಲೆಸುತ್ತು, ನೋವು ಕಂಡರೆ ಅಲ್ಲಿಗೇ ನಿಲ್ಲಿಸಬೇಕು. "ತಿಂಗಳದಾಗ ಹತ್ತು ಕೆ.ಜಿ. ಇಳಿಸ್ತೇವಿ" ಎಂಬ ಸುಳ್ಳು ಬೋರ್ಡು ಹಾಕಬಾರದು. ಸುಳ್ಳು ಹೇಳಿ ತಂದ ಗಿರಾಕಿ ಎರಡನೇ ತಿಂಗಳು ಬರುವುದಿಲ್ಲ.

ಇನ್ನೊಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ವ್ಯಾಯಾಮದಿಂದ ರಕ್ತ ಹೆಚ್ಚುವುದಿಲ್ಲ. ಅದಕ್ಕೆ ಕಬ್ಬಿಣಾಂಶದ ಗುಳಿಗೆ, ಸೊಪ್ಪು, ಕಾಳು, ಬೆಲ್ಲ-ಶೇಂಗಾ ಬೇಕು. ಆದರೆ ಇಪ್ಪತ್ತು ತಾಯಂದಿರು ದಿನಾ ಒಂದು ಕಡೆ ಸೇರಿದರೆ ಆಶಾ ಕಾರ್ಯಕರ್ತೆಯರಿಗೆ ಅಲ್ಲಿಯೇ ಈ ಮಾತು ಹೇಳಲು, ರಕ್ತ ತಪಾಸಣೆಗೆ ಕಳಿಸಲು ಸುಲಭವಾಗುತ್ತದೆ.

"ಸಂಘದ ರೊಕ್ಕ ಇದಕ್ಕ ಯಾಕ?" ಎನ್ನುವ ಸದಸ್ಯರಿಗೆ ನನ್ನ ಉತ್ತರ ಇಷ್ಟೇ. ಮನೆಯ ತಾಯಿ ಹಾಸಿಗೆ ಹಿಡಿದರೆ ಮೊದಲು ಅಡವಿಗೆ ಬರುವುದು ಆಕೆಯ ಕೊರಳ ಬಂಗಾರ, ಆಮೇಲೆ ತಪ್ಪುವುದು ಬೆಳೆಸಾಲದ ಕಂತು. ಆಕೆ ಗಟ್ಟಿಯಾಗಿದ್ದರೆ ಕಂತೂ ಗಟ್ಟಿ. ಗಂಡಸರಿಗೆ ಗರಡಿಮನೆ ಕಟ್ಟಿ ಕೊಟ್ಟವರು ನಮ್ಮ ಹಿರಿಯರು. ಹೆಣ್ಣುಮಕ್ಕಳಿಗೆ ಒಂದು ಜಾಗ ಮಾಡಿಕೊಡುವುದು ನಮ್ಮ ಪಾಳಿ.

ಆದ್ದರಿಂದ ಆಡಳಿತ ಮಂಡಳಿಯ ಮುಂದೆ ನನ್ನ ಬೇಡಿಕೆ ಎರಡು. ಸಂಘದ ಸಭಾಗೃಹವನ್ನು ದಿನಕ್ಕೆ ಎರಡು ತಾಸು ಬಾಡಿಗೆಯಿಲ್ಲದೆ ಒಂದು ವರ್ಷ ಕೊಡಬೇಕು. ತರಬೇತಿ ಮತ್ತು ಜಮಖಾನೆಗೆಂದು ಮಹಿಳಾ ಗುಂಪಿಗೆ ಸಣ್ಣ ಸಾಲ ಕೊಡಬೇಕು. ದಾನ ಬ್ಯಾಡ್ರಿ, ಸಾಲವೇ ಇರಲಿ. ಲೆಕ್ಕದ ಪುಸ್ತಕ ಇಟ್ಟು ಅವರೇ ತೀರಿಸಲಿ. ವರ್ಷದ ಕೊನೆಗೆ ಸರ್ವಸಾಧಾರಣ ಸಭೆಯಲ್ಲಿ ಅದನ್ನು ನಮ್ಮ ಹೆಣ್ಣುಮಕ್ಕಳೇ ಓದಿ ಹೇಳಲಿ.



ಜೈ ಸಹಕಾರ.