ಗಾಡಿಯಿಂದ ಇಳಿಯದೆ ಕಾಫಿ: ಮತ್ತಿಕೆರೆ ರಸ್ತೆಯ ಒಂದು ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವ ಟೀಚರಿಗೆ ಕಾಫಿ ವ್ಯಾಪಾರದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣ ನನ್ನ ಒಬ್ಬ ಹಳೆಯ ವಿದ್ಯಾರ್ಥಿ. ಬಿ.ಕಾಂ. ಮುಗಿಸಿ ಎರಡು ವರ್ಷ ಕೊರಿಯರ್ ಕಂಪನಿಯಲ್ಲಿ ದುಡಿದ ಹುಡುಗ. ಒಂದು ಭಾನುವಾರ ತಾಯಿಯೊಡನೆ ನಮ್ಮ ಮನೆಗೆ ಬಂದ. ಕೈಯಲ್ಲಿ ಬಣ್ಣದ ಕಾಗದದ ಒಂದು ಫೈಲು. ಮತ್ತಿಕೆರೆಯಲ್ಲಿ ಮೂವತ್ತು-ನಲವತ್ತರ ನಿವೇಶನವೊಂದನ್ನು ಬಾಡಿಗೆಗೆ ಹಿಡಿದು ‘ಡ್ರೈವ್-ಥ್ರೂ ಕಾಫಿ’ ತೆರೆಯಬೇಕೆಂಬುದು ಅವನ ಆಸೆ. ಒಂದು ಕಂಪನಿಯ ಫ್ರಾಂಚೈಸಿ, ಹತ್ತು ತಿಂಗಳ ಅಡ್ವಾನ್ಸು, ಬ್ಯಾಂಕ್ ಸಾಲ. ಸಾಲದಲ್ಲಿ ಸಾಲದ್ದಕ್ಕೆ ತಾಯಿಯ ಬಳೆಗಳು. ನನ್ನಿಂದ ಬೇಕಾಗಿದ್ದದ್ದು ಜಾಮೀನಿನ ಸಹಿ.

ಜಾಮೀನು ಎಂದರೆ ಏನೆಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ತಂದೆ ಸಂಬಂಧಿಕರೊಬ್ಬರ ಟಿಫಿನ್ ಹೋಟೆಲಿಗೆ ಸಹಿ ಹಾಕಿದ್ದರು. ಹೋಟೆಲು ಒಂದೂವರೆ ವರ್ಷ ನಡೆಯಿತು. ಅದರ ಕಂತು ಮಾತ್ರ ನಾನು ಬಿ.ಎಡ್. ಫೀಸು ಕಟ್ಟುವ ವರ್ಷದವರೆಗೂ ನಮ್ಮ ಮನೆಯಲ್ಲೇ ನಡೆಯಿತು. ಆದರೂ ಆ ತಾಯಿಯ ಎದುರು ಒಂದೇ ಮಾತಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಮೊದಲು ಮೂರು ದಿನ ರಸ್ತೆಯ ಹಾಜರಿ ತೆಗೆಯೋಣ, ಆಮೇಲೆ ಸಹಿಯ ಮಾತು" ಎಂದೆ. ಹುಡುಗ ನಕ್ಕ. ನಾನು ನಗಲಿಲ್ಲ.

ಇಲ್ಲಿ ವಿಷಯ ಗೊತ್ತಿಲ್ಲದವರಿಗಾಗಿ ಒಂದು ಮಾತು. ಡ್ರೈವ್-ಥ್ರೂ ಎಂದರೆ ಗಿರಾಕಿ ಗಾಡಿಯಿಂದ ಇಳಿಯದೆ ಒಂದು ಕಡೆ ಬೇಕಾದ್ದನ್ನು ಹೇಳಿ, ಕಿಟಕಿಯಲ್ಲಿ ಹಣ ಕೊಟ್ಟು, ಪೊಟ್ಟಣ ಪಡೆದು ಹೊರಟುಬಿಡುವ ಏರ್ಪಾಡು. ಇದು ಅಮೆರಿಕದ ಕಾರುಗಳ ನಾಡಿನಲ್ಲಿ ಹುಟ್ಟಿದ್ದು. 1948ರಲ್ಲಿ ಕ್ಯಾಲಿಫೋರ್ನಿಯಾದ ಇನ್-ಎನ್-ಔಟ್ ಎಂಬ ಬರ್ಗರ್ ಅಂಗಡಿ, ಕಾರಿನಲ್ಲಿ ಕುಳಿತೇ ಮಾತನಾಡುವ ಧ್ವನಿಪೆಟ್ಟಿಗೆ ಇಟ್ಟಿತು. ಮ್ಯಾಕ್‌ಡೊನಾಲ್ಡ್ಸ್ ಕಂಪನಿ ತನ್ನ ಮೊದಲ ಕಿಟಕಿ ತೆರೆದದ್ದು 1975ರಲ್ಲಿ, ಅರಿಜೋನಾದ ಸಿಯೆರಾ ವಿಸ್ಟಾ ಊರಿನಲ್ಲಿ. ಅಲ್ಲಿ ಹತ್ತಿರದ ಸೇನಾ ಠಾಣ್ಯದ ಸೈನಿಕರು ದಣಿವಿನ ಸಮವಸ್ತ್ರದಲ್ಲಿ ಹೊರಗೆ ಗಾಡಿಯಿಂದ ಇಳಿಯಬಾರದೆಂಬ ನಿಯಮವಿತ್ತು. ಇಳಿಯಲಾಗದವನ ಬಳಿಗೆ ಕಿಟಕಿಯೇ ಹೋಯಿತು. ಯಾರಿಗೆ ಇಳಿಯಲು ಆಗುವುದಿಲ್ಲ ಎಂಬ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ, ನಾನು ಅದಕ್ಕೆ ಮತ್ತೆ ಬರುತ್ತೇನೆ.

ಇನ್ನು ಲೆಕ್ಕ. ಕಾಫಿ ಮಾರುವವನು ಕಾಫಿ ಮಾರುತ್ತೇನೆ ಎಂದುಕೊಳ್ಳುತ್ತಾನೆ. ಕಿಟಕಿಯ ವ್ಯಾಪಾರದಲ್ಲಿ ಮಾರುವುದು ನಿಮಿಷಗಳನ್ನು. ಒಂದು ಗಾಡಿ ಕಿಟಕಿಯ ಮುಂದೆ ಒಂದು ನಿಮಿಷ ನಿಂತರೆ ಗಂಟೆಗೆ 60 ಗಾಡಿ. ಒಂದೂವರೆ ನಿಮಿಷವಾದರೆ 40. ಚಿಲ್ಲರೆ ಹುಡುಕುತ್ತಾ, ಮೊಬೈಲಿನಲ್ಲಿ ಹಣ ಹೋಯಿತೋ ಇಲ್ಲವೋ ನೋಡುತ್ತಾ ಮೂರು ನಿಮಿಷವಾದರೆ ಬರೀ 20. ಬೆಳಗಿನ ಎರಡು ಗಂಟೆಯ ಭರಾಟೆಯೇ ದಿನದ ಗಳಿಕೆ. ಮಧ್ಯಾಹ್ನ ಬಾಡಿಗೆ ಮಾತ್ರ ಓಡುತ್ತದೆ, ಗಿರಾಕಿ ಓಡುವುದಿಲ್ಲ. ಹಾಗಾಗಿ ಉದ್ದನೆಯ ತಿಂಡಿಪಟ್ಟಿ ಈ ವ್ಯಾಪಾರದ ಶತ್ರು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. 1965ರಿಂದ ಇರುವ ಅಂಗಡಿ, ಬೆರಳೆಣಿಕೆಯ ತಿಂಡಿ, ಸಾಂಬಾರೂ ಇಲ್ಲ. ಗಿರಾಕಿ ಯೋಚಿಸುತ್ತಾ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ.

ನಮ್ಮ ಫಿಲ್ಟರ್ ಕಾಫಿಯೂ ಈ ಅವಸರಕ್ಕೆ ಹೇಳಿ ಮಾಡಿಸಿದ್ದು. ಡಿಕಾಕ್ಷನ್ ಮೊದಲೇ ಇಳಿದಿರುತ್ತದೆ, ಹಾಲು ಕುದಿಯುತ್ತಿರುತ್ತದೆ, ಲೋಟಕ್ಕೆ ಬೆರೆಸುವುದಷ್ಟೇ ಬಾಕಿ. ಯಂತ್ರದ ಎಸ್ಪ್ರೆಸೊ ಹಾಗಲ್ಲ, ಪ್ರತಿ ಲೋಟಕ್ಕೂ ಹೊಸದಾಗಿ ಇಳಿಯಬೇಕು. ಹುಡುಗನ ಫೈಲಿನಲ್ಲಿ ಇದ್ದದ್ದು ಆ ಯಂತ್ರವೇ. ಅದರ ಬೆಲೆ ನೋಡಿ ನನಗೇ ಬಾಯಾರಿತು.

ಆಮೇಲೆ ಜಾಗ. ಮೂವತ್ತು ಅಡಿ ಮುಂಭಾಗವೆಂದರೆ ಸುಮಾರು 9 ಮೀಟರ್. ಸಣ್ಣ ಕಾರೇ ಮೂರೂವರೆಯಿಂದ ನಾಲ್ಕು ಮೀಟರ್ ಉದ್ದ. ಎರಡು ಕಾರು ನಿಂತರೆ ಮೂರನೆಯದು ರಸ್ತೆಯಲ್ಲಿ, ನಾಲ್ಕನೆಯದು ಬಸ್ಸಿನ ದಾರಿಯಲ್ಲಿ. ಇನ್ನೊಂದು ವಿಷಯ: ಅಮೆರಿಕದಲ್ಲಿ ಚಾಲಕ ಎಡಕ್ಕೆ ಕೂರುತ್ತಾನೆ, ನಮ್ಮಲ್ಲಿ ಬಲಕ್ಕೆ. ನಮ್ಮ ಕಿಟಕಿ ಗಾಡಿಯ ಬಲಕ್ಕೆ ಬರಬೇಕು, ಗಾಡಿ ಕಟ್ಟಡವನ್ನು ಗಡಿಯಾರದ ಮುಳ್ಳಿನಂತೆ ಸುತ್ತಬೇಕು. ಅವನ ಫೈಲಿನ ನಕ್ಷೆಯಲ್ಲಿ ಬಾಣಗಳು ಉಲ್ಟಾ ಇದ್ದವು. ಎಲ್ಲಿಂದಲೋ ನಕಲು ಮಾಡಿದ್ದರು, ನಕಲು ಹಿಡಿಯುವುದು ನಮ್ಮ ಕಸುಬೇ ತಾನೆ!

ಈ ವ್ಯಾಪಾರಕ್ಕೆ ಕಾಫಿಗಿಂತ ನೆಲ ಮುಖ್ಯ ಎಂಬುದಕ್ಕೆ ನಮ್ಮವರದೇ ಒಂದು ಉದಾಹರಣೆಯಿದೆ. ಉಡುಪಿ ಕಡೆಯಿಂದ ಹೋಗಿ ಮದರಾಸಿನಲ್ಲಿ ಹೋಟೆಲು ಕಟ್ಟಿದ ಕೆ. ಕೃಷ್ಣರಾಯರು 1962ರಲ್ಲಿ ಅಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ತೆರೆದರು. ಮರಗಳ ಕೆಳಗೆ ಕಾರು ನಿಲ್ಲಿಸಿದರೆ ಹುಡುಗರು ತಟ್ಟೆ ತಂದು ಕಾರಿನ ಬಾಗಿಲಿಗೇ ಸಿಕ್ಕಿಸುತ್ತಿದ್ದರು. ತಿಂಡಿಗೆ ಕುಂದಿಲ್ಲ, ಜನಕ್ಕೆ ಕೊರತೆಯಿಲ್ಲ. ಆದರೆ ನೆಲ ಗುತ್ತಿಗೆಯದು. 2008ರಲ್ಲಿ ಹೋಟೆಲು ಮುಚ್ಚಿತು. 2010ರಲ್ಲಿ ಅದೇ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ಬಂತು. 46 ವರ್ಷದ ಹೆಸರು ಗುತ್ತಿಗೆಯ ಕಾಗದಕ್ಕಿಂತ ದೊಡ್ಡದಾಗಲಿಲ್ಲ. ಹುಡುಗನ ಕರಾರು ಕೇವಲ ಹನ್ನೊಂದು ತಿಂಗಳದ್ದು.

ನಮ್ಮ ಬೆಂಗಳೂರು ಇದಕ್ಕೆ ತನ್ನದೇ ಉತ್ತರ ಕಂಡುಕೊಂಡಿದೆ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭಿಸಿದರು. ಕುರ್ಚಿಯಿಲ್ಲ, ಸಪ್ಲೈಯರ್ ಇಲ್ಲ. ಟೋಕನ್ ತೆಗೆದುಕೊಂಡು, ನಿಂತು ತಿಂದು, ಕೈ ತೊಳೆದು ಹೊರಡುವುದು. ಕಾರಿನವರ ಅವಸರಕ್ಕೆ ಅಮೆರಿಕ ಕಿಟಕಿ ಕೊಟ್ಟರೆ ನಡೆಯುವವರ ಅವಸರಕ್ಕೆ ನಾವು ದರ್ಶಿನಿ ಕೊಟ್ಟೆವು.

ಈಗ ನಮ್ಮ ಹಾಜರಿ ಪುಸ್ತಕಕ್ಕೆ ಬರೋಣ. ಮೂರು ದಿನ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯವರೆಗೆ ಆ ನಿವೇಶನದ ಎದುರು ನಿಂತೆವು. ನಾನು ಒಂದು ಪಕ್ಕ, ಅವನು ಇನ್ನೊಂದು ಪಕ್ಕ. ಕಾರುಗಳು ಬಂದವು, ನಿಲ್ಲಲಿಲ್ಲ. ಅವು ಹೊರವರ್ತುಲ ರಸ್ತೆಗೋ ತುಮಕೂರು ರಸ್ತೆಗೋ ಓಡುವ ಗಾಡಿಗಳು. ನಿಂತು ಕುಡಿದವರೆಲ್ಲ ಬಹುಪಾಲು ಸ್ಕೂಟರು, ಬೈಕಿನವರು: ರಾಮಯ್ಯ ಕಾಲೇಜಿನ ಮಕ್ಕಳು, ಆಸ್ಪತ್ರೆಯ ಪಾಳಿ ಮುಗಿಸಿದವರು, ಜೆ.ಪಿ. ಪಾರ್ಕಿನಲ್ಲಿ ನಡೆದು ಬಂದವರು, ಯಶವಂತಪುರ ಮಾರುಕಟ್ಟೆಗೆ ಹೋಗುವವರು. ಬೈಕಿನಲ್ಲಿ ಲೋಟ ಇಡಲು ಜಾಗವಿಲ್ಲ, ಬಿಸಿ ಕಾಫಿ ಹಿಡಿದು ಗಾಡಿ ಓಡಿಸಲಾಗದು. ಕೊಂಡವನು ಅಲ್ಲೇ ನಾಲ್ಕೈದು ನಿಮಿಷ ಕುಡಿಯುತ್ತಾನೆ. ಅಂದರೆ ಇಲ್ಲಿ ‘ಥ್ರೂ’ ಇಲ್ಲ, ನಿಲುಗಡೆ ಮಾತ್ರ ಇದೆ.

ಇನ್ನೊಂದು ಸಂಗತಿ ನಮಗೆ ಮೊದಲು ಹೊಳೆದೇ ಇರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಜನ ನಿವೇಶನದ ಎದುರು ಬದಿಯಲ್ಲಿ ಹೋಗುತ್ತಿದ್ದರು. ಕಾಫಿಗಾಗಿ ಯಾರೂ ರಸ್ತೆ ದಾಟಿ ತಿರುಗಿಕೊಂಡು ಬರುವುದಿಲ್ಲ. ಬೆಳಗಿನ ಕಾಫಿ ಹೋಗುವ ದಾರಿಯಲ್ಲಿ, ಸಂಜೆಯ ಪಾರ್ಸೆಲ್ ಬರುವ ದಾರಿಯಲ್ಲಿ ಇರಬೇಕು. ಫೈಲಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಎರಡನೆಯ ದಿನ ಒಂದು ಕಾಫಿ ಗಾಡಿಯ ಮುಂದೆ ಬೈಕುಗಳು ಫುಟ್‌ಪಾತನ್ನು ಪೂರ್ತಿ ಮುಚ್ಚಿದ್ದವು. ಬೆನ್ನಿಗೆ ಬ್ಯಾಗು ಹಾಕಿದ ಒಂದು ಮಗು ರಸ್ತೆಗಿಳಿಯಿತು, ಹಿಂದಿನಿಂದ ಟೆಂಪೋ. ಚಾಲಕ ಬ್ರೇಕ್ ಹಾಕಿದ. ಮಗು ನಮ್ಮ ಶಾಲೆಯದೇ, ಐದನೆಯ ತರಗತಿ. ಅವತ್ತಿನ ಹಾಜರಿ ಅಲ್ಲಿಗೇ ನಿಂತಿತು. ಮಗುವನ್ನು ಶಾಲೆಯವರೆಗೆ ಕರೆದುಕೊಂಡು ಹೋದೆ. ಗಿರಾಕಿಯ ಬೈಕು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೆ ಉತ್ತರವಿಲ್ಲದ ಕಾಫಿ ಅಂಗಡಿಗೆ ನಾನಂತೂ ಸಹಿ ಹಾಕಲಾರೆ ಎಂದು ಆ ದಿನವೇ ಅವನಿಗೆ ಹೇಳಿದೆ.

ಇಳಿಯಲಾಗದವರು ಯಾರು ಎಂದು ಆಗ ಕೇಳಿದ್ದೆನಲ್ಲ. ನಮ್ಮ ರಸ್ತೆಯಲ್ಲಿ ಅವರು ಯಾರೆಂದರೆ ನಾವು, ಹೆಂಗಸರು. ಹತ್ತು ವರ್ಷದಿಂದ ಸ್ಕೂಟರಿನಲ್ಲಿ ಶಾಲೆಗೆ ಹೋಗುತ್ತಿದ್ದೇನೆ. ಒಂದು ದಿನವೂ ಗಂಡಸರ ಗುಂಪಿನ ನಡುವೆ ನಿಂತು ಟೀ ಕುಡಿದಿಲ್ಲ. ಯಾರೂ ಬೇಡ ಅಂದಿಲ್ಲ, ಆದರೂ ಕಾಲು ಹೋಗುವುದಿಲ್ಲ. ನರ್ಸುಗಳು, ಟೀಚರುಗಳು, ಕಾಲೇಜು ಹುಡುಗಿಯರು ಹಾಗೆಯೇ ಮುಂದೆ ಹೋಗಿಬಿಡುತ್ತಾರೆ. ಹುಡುಗನ ಹಾಜರಿ ಪುಸ್ತಕದಲ್ಲಿ ‘ಹೆಣ್ಣು’ ಎಂಬ ಕಾಲಮ್ಮೇ ಇರಲಿಲ್ಲ. ಮೂರನೆಯ ದಿನ ಗೆರೆ ಎಳೆಸಿದೆ.

ಸಹಿ ನಾನು ಹಾಕಲಿಲ್ಲ. ಅವನು ಎರಡು ವಾರ ಮಾತು ಬಿಟ್ಟ. ಆಮೇಲೆ ತಾನೇ ಬಂದು, ಎದುರು ಬದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ ಹತ್ತು ಗಂಟೆಗೆ ತೆರೆಯುತ್ತದೆ, ಅದರ ಕಾಂಪೌಂಡಿನ ಒಳಗೆ ಐದಾರು ಸ್ಕೂಟರು ನಿಲ್ಲುತ್ತವೆ ಎಂದ. ಅದರ ಬೆಳಗಿನ ಮೂರು ಗಂಟೆಯನ್ನಷ್ಟೇ ಬಾಡಿಗೆಗೆ ಹಿಡಿದ. ಎರಡು ದೊಡ್ಡ ಫಿಲ್ಟರು, ಒಂದು ಹಾಲಿನ ಪಾತ್ರೆ, ಕಾಫಿ, ಟೀ, ಬನ್ನು. ಪಾಲಿಕೆಯ ಉದ್ದಿಮೆ ಪರವಾನಗಿ, ಆಹಾರ ಸುರಕ್ಷತಾ ನೋಂದಣಿ ಎರಡನ್ನೂ ಮಾಡಿಸಿದ ಮೇಲೆಯೇ ಒಲೆ ಹಚ್ಚಿದ. ಗಾಡಿ ಒಳಗೆ ಬರುವಾಗಲೇ ಅವನ ತಮ್ಮ ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಾನೆ, ನಿಲ್ಲುವಷ್ಟರಲ್ಲಿ ಸ್ಟೀಲ್ ಲೋಟ ಕೈಗೆ ಬರುತ್ತದೆ. ಅಮೆರಿಕದವರ ಧ್ವನಿಪೆಟ್ಟಿಗೆಯ ಕೆಲಸ ಆ ಹುಡುಗನೇ ಮಾಡುತ್ತಾನೆ. ಒಂದು ಮೂಲೆಯನ್ನು ಹೆಂಗಸರ ಸ್ಕೂಟರಿಗೆ ಬಿಟ್ಟಿದ್ದಾನೆ. ನಾನೂ ಅಲ್ಲೇ ನಿಲ್ಲಿಸುತ್ತೇನೆ.

ಲಾಭ ಎಷ್ಟು ಎಂದು ನೀವು ಕೇಳುತ್ತೀರಿ. ಮೊದಲ ಎರಡು ತಿಂಗಳು ನಷ್ಟವೇ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿತು. ಅದಕ್ಕೂ ಮೊದಲೇ ಕಾಫಿ ಬೀಜದ ಬೆಲೆ ದಾಖಲೆ ಮುಟ್ಟಿತ್ತು. ಚಿಕೋರಿ ಹೆಚ್ಚು ಬೆರೆಸು ಎಂದು ಹೇಳಿದವರೂ ಇದ್ದರು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿದೆ. ಅದಕ್ಕಿಂತ ಮೊದಲು ಗಿರಾಕಿಯ ನಾಲಿಗೆಯಿದೆ. ಅವನು ಬೆಲೆ ಏರಿಸಿದ, ಬೆರಕೆ ಏರಿಸಲಿಲ್ಲ. ಕಾಲೇಜು ರಜೆ ಬಂದಾಗ ಅರ್ಧ ಹಾಲು ಮಾತ್ರ ತರಿಸುತ್ತಾನೆ; ಅದನ್ನು ಕಲಿಯಲು ಒಂದು ಬೇಸಿಗೆಯ ಹಾಲು ಒಡೆಯಬೇಕಾಯಿತು.

ಕೊರಿಯರ್ ಕೆಲಸವನ್ನು ಅವನು ಇನ್ನೂ ಬಿಟ್ಟಿಲ್ಲ, ಹನ್ನೊಂದು ಗಂಟೆಗೆ ಅಲ್ಲಿಗೆ ಹೋಗುತ್ತಾನೆ. ಸಂಜೆಯ ಬದಿಯಲ್ಲೂ ಒಂದು ಜಾಗ ನೋಡಿದ್ದೇನೆ ಎಂದು ಕಳೆದ ವಾರ ಹೇಳಿದ. ನಾನು ಕೇಳುವ ಮೊದಲೇ ಚೀಲದಿಂದ ಹಾಜರಿ ಪುಸ್ತಕ ತೆಗೆದ. ನಾಲ್ಕು ಸಂಜೆಯದ್ದು, ಕಾಲಮ್ಮುಗಳೆಲ್ಲ ಇದ್ದವು. ಬಳೆಗಳ ಮಾತು ಬರಲಿಲ್ಲ.

ಮೊದಲ ಮೂರು ದಿನದ ಪುಸ್ತಕ ನನ್ನ ಬಳಿಯಿದೆ. ಇಂಥ ಅಂಗಡಿ ತೆರೆಯುವ ಯೋಚನೆಯಿರುವ ಮಕ್ಕಳು ಸಮಾರಂಭ ಮುಗಿದ ಮೇಲೆ ಬಂದು ನೋಡಬಹುದು.