ಮೂರನೇ ಚಕ್ರ ಮತ್ತು ಸವಾರನ ಹಳೆಯ ಅಭ್ಯಾಸ



ಮೂರು ಚಕ್ರದ ಮೋಟಾರ್‌ಸೈಕಲ್ ಸಾಮಾನ್ಯವಾಗಿ ನಿಂತಲ್ಲಿ ಬೀಳುವುದಿಲ್ಲ. ಅದನ್ನು ಕಂಡವರು ತಿರುವಿನಲ್ಲೂ ಅದು ಅಷ್ಟೇ ಭದ್ರ ಎಂದುಕೊಳ್ಳುತ್ತಾರೆ. ಈ ಗೋಷ್ಠಿಯ ಚರ್ಚೆ ಆ ನಂಬಿಕೆಯಿಂದಲೇ ಶುರುವಾಗಲಿ ಎಂಬುದು ನನ್ನ ಆಶಯ.

ಬೈಕು ತಿರುವಿನಲ್ಲಿ ಒಳಕ್ಕೆ ವಾಲಿ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ವಾಲಲಾರದ ಮೂರು ಚಕ್ರದ ಗಾಡಿಗೆ ಆ ದಾರಿಯಿಲ್ಲ. ಅದರ ಚಕ್ರಗಳು ನೆಲದ ಮೇಲೆ ತ್ರಿಕೋನ ಬರೆಯುತ್ತವೆ. ಭಾರವು ಒಂಟಿ ಚಕ್ರದ ಕಡೆ ಸರಿದಷ್ಟೂ ಪಲ್ಟಿಯಾಗುವುದು ಸುಲಭ. ಮುಂದೆ ಒಂದೇ ಚಕ್ರವಿರುವ ನಮ್ಮ ಆಟೊ ತಿರುವಿನ ನಡುವೆ ಬ್ರೇಕ್ ಹಾಕಿದರೆ ಭಾರ ಸರಿಯುವುದು ಆ ಕಿರಿದಾದ ತುದಿಗೇ. 2007ರಲ್ಲಿ ಬಂದ ಕ್ಯಾನ್-ಆಮ್ ಸ್ಪೈಡರ್‌ಗೆ ಎರಡು ಚಕ್ರಗಳು ಮುಂದಿವೆ. ಹಾಗಾಗಿ ಬ್ರೇಕ್ ಹಾಕಿದಾಗ ಅದು ಹೆಚ್ಚು ಸ್ಥಿರ. ಆದರೂ ತಯಾರಕರು ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆಯನ್ನು ಅದರಲ್ಲಿ ಕೂಡಿಸಿಯೇ ಮಾರಿದರು.

ನನಗೆ ಇದಕ್ಕಿಂತ ದೊಡ್ಡ ಚಿಂತೆ ಸವಾರನ ಕೈಕಾಲುಗಳದ್ದು. ವೇಗದಲ್ಲಿರುವ ಬೈಕನ್ನು ಎಡಕ್ಕೆ ತಿರುಗಿಸಲು ನಾವು ಎಡ ಹಿಡಿಯನ್ನು ಮುಂದಕ್ಕೆ ಒತ್ತುತ್ತೇವೆ. ಯಾರೂ ಹೇಳಿಕೊಡದೆ ಕೈ ಕಲಿತ ವಿದ್ಯೆ ಇದು. ವಾಲದ ಮೂರು ಚಕ್ರದ ಗಾಡಿಯಲ್ಲಿ ಹಾಗೆಯೇ ಒತ್ತಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಗಾಬರಿಯಾದ ಕ್ಷಣದಲ್ಲಿ ಕೈ ಹಳೆಯ ಪಾಠವನ್ನೇ ನೆನೆಯುತ್ತದೆ. ಹಾಗಾಗಿ ವರ್ಷಗಟ್ಟಲೆ ಬೈಕು ಓಡಿಸಿದವನೂ ಇಲ್ಲಿ ಹೊಸಬನೇ.

ಅಮೆರಿಕ ಈ ಪಾಠಕ್ಕೆ ದೊಡ್ಡ ಬೆಲೆ ತೆತ್ತಿತು. 1970ರಲ್ಲಿ ಹೋಂಡಾ ಅಲ್ಲಿ ದಪ್ಪ ಟೈರಿನ, ಕಚ್ಚಾ ನೆಲದಲ್ಲಿ ಓಡುವ ಮೂರು ಚಕ್ರದ ಗಾಡಿಯನ್ನು ತಂದಿತು. ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ಹಿಂದಿನ ಆಕ್ಸಲ್‌ಗೆ ಇರಲಿಲ್ಲ. ತಿರುಗಿಸಬೇಕಾದರೆ ಸವಾರ ಮೈಭಾರವನ್ನು ಸರಿಸಿ ಒಳಚಕ್ರ ಜಾರುವಂತೆ ಮಾಡಬೇಕಿತ್ತು. ಬೈಕಿನ ಅಭ್ಯಾಸದಿಂದ ಕಾಲು ನೆಲಕ್ಕೆ ಊರಿದವರ ಕಾಲ ಮೇಲೆ ಹಿಂಚಕ್ರವೇ ಹರಿಯುತ್ತಿತ್ತು. ಸತ್ತವರಲ್ಲಿ, ಕೈಕಾಲು ಮುರಿದುಕೊಂಡವರಲ್ಲಿ ಮಕ್ಕಳು ಬಹಳ ಮಂದಿ. ಕೊನೆಗೆ 1988ರಲ್ಲಿ ನ್ಯಾಯಾಲಯದ ಸಮ್ಮತಿ ಆದೇಶದ ಮೂಲಕ ಅವುಗಳ ಮಾರಾಟ ನಿಂತಿತು.

2006ರ ಪಿಯಾಜಿಯೊ ಎಂಪಿ3, 2018ರ ಯಮಹಾ ನಿಕೆನ್ ಗಾಡಿಗಳಲ್ಲಿ ಮುಂದಿನ ಜೋಡಿ ಚಕ್ರಗಳು ಸವಾರನ ಜೊತೆಗೇ ವಾಲುತ್ತವೆ. ಕೈಯ ಹಳೆಯ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಆಧಾರವಿಲ್ಲದೆ ನಿಲ್ಲಿಸಿದರೆ ಅವೂ ಉರುಳುತ್ತವೆ. ಕಾರಿನ ಲೈಸೆನ್ಸ್‌ನಲ್ಲೇ ಇಂಥ ಗಾಡಿ ಓಡಿಸಲು ಬಿಟ್ಟಿದ್ದ ಫ್ರಾನ್ಸ್, 2011ರಿಂದ ಅಂಥವರಿಗೆ 7 ಗಂಟೆಗಳ ತರಬೇತಿ ಕಡ್ಡಾಯ ಮಾಡಿತು. ಆ ನಿರ್ಧಾರವನ್ನು ನಾನು ಮೆಚ್ಚುತ್ತೇನೆ.

ರಸ್ತೆಗುಂಡಿಯ ವಿಷಯವನ್ನೂ ಮರೆಯಬಾರದು. ಕಾರಿನವರು ಗುಂಡಿಯನ್ನು ಎರಡು ಚಕ್ರಗಳ ನಡುವೆ ದಾಟಿಸಿಬಿಡುತ್ತಾರೆ. ಮೂರು ಜಾಡುಗಳಲ್ಲಿ ಓಡುವ ಗಾಡಿಗೆ ಅದು ಕಷ್ಟ. ಇದನ್ನು ನಮ್ಮ ಆಟೊ ಚಾಲಕರಷ್ಟು ಬಲ್ಲವರಿಲ್ಲ.

ಆದ್ದರಿಂದ ಈ ಗೋಷ್ಠಿಯ ಮುಂದೆ ನನ್ನದೊಂದು ಬೇಡಿಕೆಯಿದೆ. ಖಾಲಿ ಗಾಡಿಯ ಲೆಕ್ಕಕ್ಕೇ ನಿಲ್ಲದೆ, ಮೂವರು ಕುಳಿತು ಸಾಮಾನು ತುಂಬಿದಾಗ ಭಾರದ ಕೇಂದ್ರ ಎಷ್ಟು ಮೇಲೇರುತ್ತದೆ, ಯಾವ ವೇಗದ ತಿರುವಿನಲ್ಲಿ ಒಳಚಕ್ರ ನೆಲ ಬಿಡುತ್ತದೆ ಎಂಬುದನ್ನು ಅಳೆಯಿರಿ. ಸಿಕ್ಕ ಅಂಕಿಗಳನ್ನು ಚಾಲನಾ ಶಾಲೆಗಳಿಗೂ ಕನ್ನಡದಲ್ಲಿ ತಲುಪಿಸಿ.