ಸೆರೆನಾ ಬಂದ್ರು, ಹೋದ್ರು. ಏಣಿ ಎಲ್ಲಿದೆ?



ಇವತ್ತು ಟೆನಿಸ್ ಬಗ್ಗೆ ಮಾತಾಡೋಣ. ಕ್ರಿಕೆಟ್ ಬಿಟ್ಟು ಟೆನಿಸ್ ಯಾಕೆ, ಅದರಲ್ಲೂ ಹೆಣ್ಣುಮಕ್ಕಳ ಟೆನಿಸ್ ಯಾಕೆ ಅಂತ ನೀವು ಕೇಳಬಹುದು. ಕಾರಣ ಇದೆ. ಐದು ನಿಮಿಷ ಕೊಡಿ.

2008ರ ಮಾರ್ಚ್ ತಿಂಗಳು. ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಟೆನಿಸ್ ಸ್ಟೇಡಿಯಂ. ಬೆಂಗಳೂರು ಓಪನ್ ಮಹಿಳಾ ಸಿಂಗಲ್ಸ್ ಸೆಮಿಫೈನಲ್. ನೆಟ್‌ನ ಈ ಕಡೆ ಸೆರೆನಾ ವಿಲಿಯಮ್ಸ್, ಆ ಕಡೆ ಅಕ್ಕ ವೀನಸ್. ಇಡೀ ಜಗತ್ತು ಟಿವಿಯಲ್ಲಿ ನೋಡುವ ಅಕ್ಕ-ತಂಗಿಯ ಪಂದ್ಯ ನಮ್ಮ ಊರಲ್ಲೇ ನಡೀತು. ಮೂರನೇ ಸೆಟ್ ಟೈಬ್ರೇಕರ್‌ಗೆ ಹೋಯಿತು. 6-3, 3-6, 7-6. ತಂಗಿ ಗೆದ್ದಳು. ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಪ್ಯಾಟಿ ಶ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿ ಸೆರೆನಾ ಕಪ್ ಎತ್ತಿದರು. ಟೂರ್ನಿಯ ಒಟ್ಟು ಬಹುಮಾನ 6 ಲಕ್ಷ ಡಾಲರ್.

ಅದಕ್ಕೂ ಹಿಂದೆ, 2006ರಲ್ಲಿ ಇಟಲಿಯ ಮಾರಾ ಸಾಂಟಾಂಜೆಲೊ, 2007ರಲ್ಲಿ ಯಾರೋಸ್ಲಾವಾ ಶ್ವೆಡೋವಾ ಇದೇ ಟೂರ್ನಿ ಗೆದ್ದಿದ್ದರು. ಮೂರು ವರ್ಷ, ಮೂವರು ಚಾಂಪಿಯನ್ನರು. ಆಮೇಲೆ? ಆಮೇಲೆ ಏನೂ ಇಲ್ಲ. ಟೂರ್ನಿ ನಿಂತೇ ಹೋಯಿತು. ಡಬ್ಲ್ಯುಟಿಎ ಮುಖ್ಯ ಟೂರ್ ಭಾರತಕ್ಕೆ ಮತ್ತೆ ಬಂದಿದ್ದು 2022ರಲ್ಲಿ, ಅದೂ ಚೆನ್ನೈಗೆ. ಹದಿನಾಲ್ಕು ವರ್ಷ! ಸೆರೆನಾ ಆಡಿದ ವರ್ಷ ಹುಟ್ಟಿದ ಮಗು ಹೈಸ್ಕೂಲಿಗೆ ಬಂದಿತ್ತು.

ಈಗ ಕಬ್ಬನ್ ಪಾರ್ಕ್ ಬಿಟ್ಟು ನಮ್ಮ ರಾಜ್ಯದ ಇನ್ನೊಂದು ತುದಿಗೆ ಬನ್ನಿ. ಕಲಬುರಗಿ ಜಿಲ್ಲೆ, ಸೇಡಂ ತಾಲ್ಲೂಕು, ಮಳಖೇಡ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ. ಅದರ ಪಕ್ಕದಲ್ಲೇ ಸಿಮೆಂಟ್ ಕಾರ್ಖಾನೆಯ ಕಾಲೊನಿ, ಆದಿತ್ಯನಗರ. ಅಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಕೈಯಲ್ಲಿ ರಾಕೆಟ್ ಇದೆ, ತೋಳಲ್ಲಿ ಶಕ್ತಿ ಇದೆ. ಟಿವಿಯಲ್ಲಿ ವಿಂಬಲ್ಡನ್ ಫೈನಲ್ ನೋಡಿ ಅಪ್ಪನ್ನ ಕೇಳ್ತಾಳೆ: "ಪಪ್ಪಾ, ನಾನೂ ಅಲ್ಲಿ ಆಡಬೇಕು. ಹ್ಯಾಂಗ ಹೋಗೋದು?"

ಅಪ್ಪ ಏನು ಉತ್ತರ ಕೊಡಬೇಕು ಹೇಳಿ?

ನಾನು ಇಂಜಿನಿಯರಿಂಗ್ ಓದಿ ಬಂದವನು. ಲೆಕ್ಕ ಹಾಕದೆ ಇರೋಕೆ ಆಗಲ್ಲ. ಹಾಗಾಗಿ ಬನ್ನಿ, ಲೆಕ್ಕ ಹಾಕೋಣ.

ವಿಂಬಲ್ಡನ್ ಸಿಂಗಲ್ಸ್ ಗೆದ್ದರೆ 2000 ರ‍್ಯಾಂಕಿಂಗ್ ಪಾಯಿಂಟ್. ಆದರೆ ಏಣಿಯ ಮೊದಲ ಮೆಟ್ಟಿಲು ಅದಲ್ಲ. ಮೊದಲ ಮೆಟ್ಟಿಲು ಐಟಿಎಫ್‌ನ 15,000 ಡಾಲರ್ ಟೂರ್ನಿ. ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಬೇರೆ ಬೇರೆ ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಆಗಬೇಕು. ಈ ಟೂರ್ನಿಯ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 32 ಜನ. ಮೊದಲ ಸುತ್ತು ಮುಗಿಯೋದರೊಳಗೆ 16 ಜನ ಮನೆಗೆ. ಅವರ ಕೈಗೆ ಬರೋದು ಸುಮಾರು 150 ಡಾಲರ್. ನಮ್ಮ ದುಡ್ಡಲ್ಲಿ 12-13 ಸಾವಿರ ರೂಪಾಯಿ. ಪಾಯಿಂಟ್ ಸೊನ್ನೆ.

ಈಗ ಖರ್ಚಿನ ಕಡೆ ನೋಡಿ. ಹುಡುಗನಾದರೆ ಬ್ಯಾಗ್ ಹೆಗಲಿಗೆ ಹಾಕಿ, ಹುಷಾರು ಕಣಪ್ಪ ಅಂತ ರೈಲು ಹತ್ತಿಸ್ತೀವಿ. ಹುಡುಗಿಯಾದರೆ? ಜೊತೆಗೆ ಅಮ್ಮ ಹೋಗಬೇಕು, ಇಲ್ಲ ಅಪ್ಪ ರಜೆ ಹಾಕಬೇಕು. ಎರಡು ಟಿಕೆಟ್, ಎರಡು ಊಟ, ಲಾಡ್ಜಿನಲ್ಲಿ ರೂಮು. ವಾಡಿಯಲ್ಲಿ ಬೆಂಗಳೂರು ರೈಲು ಹತ್ತಿದರೆ ಇಡೀ ರಾತ್ರಿ ಪ್ರಯಾಣ. ಮೊದಲ ಸುತ್ತಲ್ಲಿ ಸೋತರೆ ಅದೇ ರೈಲಲ್ಲಿ ವಾಪಸ್. ಹೀಗೆ ವರ್ಷಕ್ಕೆ ಹತ್ತು ಸಲ, ಹದಿನೈದು ಸಲ. ಯಾವ ಸಂಬಳ ತಡೆಯುತ್ತೆ ಸ್ವಾಮಿ? ಇದರ ಮಧ್ಯೆ ನೆಂಟರು ಬೇರೆ: "ಆಟ ಆಡಿ ಏನ್ ಮಾಡ್ತಾಳ್ರೀ? ಸುಮ್ನ ಓದಿಸ್ರಿ."

ನಮ್ಮ ಹುಡುಗಿಯರು ಕೋರ್ಟಿನಲ್ಲಿ ಸೋಲೋದು ಆಮೇಲೆ. ಅದಕ್ಕೂ ಮೊದಲು ದೂರಕ್ಕೆ ಸೋಲ್ತಾರೆ.

ಟೂರ್ನಿ ಹತ್ತಿರ ಬಂದರೆ ಏನಾಗುತ್ತೆ? ಉದಾಹರಣೆ ನಮ್ಮ ಸುತ್ತಲೇ ಇದೆ. ಸೇಡಂನಲ್ಲಿ ರೈಲು ಹತ್ತಿದರೆ ತಾಂಡೂರು ದಾಟಿ ಹೈದರಾಬಾದ್. 2005ರ ಫೆಬ್ರುವರಿಯಲ್ಲಿ ಸಾನಿಯಾ ಮಿರ್ಜಾ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಮಹಿಳೆ ಆದರಲ್ಲ, ಅದು ಎಲ್ಲಿ? ಪ್ಯಾರಿಸ್ಸಿನಲ್ಲಿ ಅಲ್ಲ. ತಮ್ಮದೇ ಊರು ಹೈದರಾಬಾದಿನಲ್ಲಿ.

ಇನ್ನೊಂದು ಕೇಳಿ. 2025ರ ಫೆಬ್ರುವರಿ, ಮುಂಬೈ ಓಪನ್. ಕೊಯಮತ್ತೂರಿನ ಮಾಯಾ ರಾಜೇಶ್ವರನ್, ವಯಸ್ಸು 15. ಅರ್ಹತಾ ಸುತ್ತಿಗೆ ವೈಲ್ಡ್ ಕಾರ್ಡ್ ಸಿಕ್ಕಿತು. ಅಲ್ಲಿಂದ ಗೆಲ್ಲುತ್ತಾ ಹೋದ ಹುಡುಗಿ ನಿಂತಿದ್ದು ಸೆಮಿಫೈನಲ್‌ನಲ್ಲಿ! ಆ ಟೂರ್ನಿ ನಮ್ಮ ದೇಶದಲ್ಲಿ ಇಲ್ಲದಿದ್ದರೆ ಆ ವೈಲ್ಡ್ ಕಾರ್ಡ್ ಯಾರು ಕೊಡ್ತಿದ್ರು? ಅದೇ ಮುಂಬೈಯಲ್ಲಿ 2017ರಲ್ಲಿ ಗೆದ್ದಿದ್ದು ಬೆಲಾರುಸ್‌ನ 19 ವರ್ಷದ ಹುಡುಗಿ. ಹೆಸರು ಅರೀನಾ ಸಬಲೆಂಕಾ. ಮುಂದೆ ವಿಶ್ವದ ನಂಬರ್ ಒನ್. ದೊಡ್ಡವರೂ ಸಣ್ಣ ಮೆಟ್ಟಿಲು ಹತ್ತಿಯೇ ಮೇಲೆ ಹೋಗಿದ್ದು.

ಕರ್ನಾಟಕದಲ್ಲಿ ಏನೂ ಆಗಿಲ್ಲ ಅಂತ ನಾನು ಹೇಳ್ತಿಲ್ಲ. 2024ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ 50 ದರ್ಜೆಯ ಐಟಿಎಫ್ ಟೂರ್ನಿ ನಡೀತು. 2025ರಲ್ಲಿ ಅದು 100 ದರ್ಜೆಗೆ ಏರಿತು. ಸಂತೋಷ. ಆದರೆ ಮೆಟ್ಟಿಲು ಮೇಲೇರಿದಷ್ಟೂ ವಿದೇಶದ ಅನುಭವಿ ಆಟಗಾರ್ತಿಯರು ಬರ್ತಾರೆ. ಹೊಸ ಹುಡುಗಿಗೆ ಜಾಗ ಕಡಿಮೆ ಆಗುತ್ತೆ. ಮೇಲಿನ ಮೆಟ್ಟಿಲೂ ಬೇಕು, ಕೆಳಗಿನದೂ ಬೇಕು. ಕೆಳಗಿನ ಮೆಟ್ಟಿಲು ಬೆಂಗಳೂರಿನ ಹೊರಗೂ ಇರಬೇಕು.

ಆಗಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. 2023ರ ನವೆಂಬರ್ ಕೊನೆಯಲ್ಲಿ ಕಲಬುರಗಿಯ ಚಂದ್ರಶೇಖರ ಪಾಟೀಲ್ ಕ್ರೀಡಾಂಗಣದಲ್ಲಿ ಗಂಡಸರ 25 ಸಾವಿರ ಡಾಲರ್ ಐಟಿಎಫ್ ಟೂರ್ನಿ ನಡೆದಿದೆ. ರಾಮ್‌ಕುಮಾರ್ ರಾಮನಾಥನ್ ಚಾಂಪಿಯನ್ ಆದರು. ಕೋರ್ಟ್ ಇದೆ, ನಡೆಸಿದ ಅನುಭವ ಇದೆ, ಹೋಟೆಲ್ ಇದೆ, ವಿಮಾನ ನಿಲ್ದಾಣ ಇದೆ. ಬಿಸಿಲು ಅಂತೀರಾ? ನವೆಂಬರ್-ಡಿಸೆಂಬರ್‌ನಲ್ಲಿ ಕಲಬುರಗಿ ಆಡೋಕೆ ಹೇಳಿ ಮಾಡಿಸಿದ ಊರು.

ಹಾಗಾದರೆ ನಮ್ಮ ಕೋರಿಕೆ ಏನು? ರಾಜ್ಯ ಟೆನಿಸ್ ಸಂಸ್ಥೆಗೆ, ಸರ್ಕಾರಕ್ಕೆ, ಕಲ್ಯಾಣ ಕರ್ನಾಟಕದ ಜನಪ್ರತಿನಿಧಿಗಳಿಗೆ ಒಂದೇ ಮಾತು. ಸೆರೆನಾ ಅಂಥವರನ್ನು ಕರೆಸಿ ಅಂತ ಕೇಳ್ತಿಲ್ಲ. ಕಲಬುರಗಿಯಲ್ಲಿ ಮಹಿಳೆಯರ 15 ಸಾವಿರ ಡಾಲರ್ ಟೂರ್ನಿ ಪ್ರತಿ ವರ್ಷ ಮಾಡಿ. ಒಂದು ವರ್ಷ ಮಾಡಿ ಫೋಟೊ ತೆಗೆಸಿಕೊಂಡು ಸುಮ್ಮನಾಗಬೇಡಿ. ಪ್ರತಿ ವರ್ಷ ಮಾಡಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಮಕ್ಕಳಿಗೆ ಬಾಲ್ ಎತ್ತಿಕೊಡುವ ಕೆಲಸ ಕೊಡಿ. ಅರ್ಹತಾ ಸುತ್ತಲ್ಲಿ ಈ ಭಾಗದ ಒಬ್ಬಳಿಗಾದರೂ ವೈಲ್ಡ್ ಕಾರ್ಡ್ ಕೊಡಿ.

ಅವಳು ಸೋಲಬಹುದು. 6-0, 6-0 ಅಂತಲೇ ಸೋಲಬಹುದು. ಪರವಾಗಿಲ್ಲ. ಬೆಳಿಗ್ಗೆ ಮನೆಯಿಂದ ಬಸ್ಸಲ್ಲಿ ಹೋಗಿ ಆಡಿ ಸಾಯಂಕಾಲ ಮನೆಗೆ ಬಂದು ಊಟ ಮಾಡ್ತಾಳೆ. ಮುಂದಿನ ವರ್ಷ ಮತ್ತೆ ಹೋಗ್ತಾಳೆ. ಹ್ಯಾಂಗ ಹೋಗೋದು ಅಂತ ಕೇಳಿದ ಮಗಳಿಗೆ ಆ ಅಪ್ಪ ಕೊಡಬಹುದಾದ ಉತ್ತರ ಅದು: "ಮೊದಲ ಕಲಬುರಗಿಗೆ ಹೋಗೋಣ ಬಾರವ್ವ."

ಯೋಚನೆ ಮಾಡಿ.